ನೀರಿನ ಮುಂದೆ ನಡೆಯುವವನು

ದ್ಯಾವಪ್ಪನನ್ನು ಒಮಾನ್ ದೇಶಕ್ಕೆ ಕರೆದುಕೊಂಡು ಹೋದವನು ನಾನು. ವಾಪಸ್ ಕರೆತರುವ ಜವಾಬ್ದಾರಿಯೂ ನನ್ನದೇ ಎಂದು ಅವನ ಹೆಂಡತಿ ಶೇಖಮ್ಮ ಶಹಾಪುರದ ಬಸ್ ಸ್ಟ್ಯಾಂಡಿನಲ್ಲಿ ನಾಲ್ಕು ಜನರ ಮುಂದೆ ನನ್ನ ಮುಖಕ್ಕೇ ಹೇಳಿದ್ದಳು.

"ಮರಿಲಿಂಗಣ್ಣಾ, ಇಂವ ಯಾದಗಿರಿ ದಾಟಿ ಎಲ್ಲಿಗೂ ಹೋದಾಂವಲ್ಲ. ನೀ ಕರ್ಕೊಂಡ್ ಹೊಂಟೀದಿ, ನೀನ ಕರ್ಕೊಂಡ್ ಬರಬೇಕು. ಹೆಂಗ ಹೊಂಟಾನ, ಹಂಗ ಬರಬೇಕು ನೋಡು."

"ಹಂಗ ಯಾಕ ಬರ್ತಾನವಾ, ದಪ್ಪ ಆಗಿ ಬರ್ತಾನ" ಎಂದು ನಾನು ನಕ್ಕೆ. ಅವಳು ನಗಲಿಲ್ಲ. ಬಸ್ಸು ಹೊರಡುವವರೆಗೂ ನನ್ನನ್ನೇ ನೋಡುತ್ತ ನಿಂತಿದ್ದಳು, ಗಂಡನನ್ನಲ್ಲ. ನನಗೆ ಆಗಲೇ ಸಿಟ್ಟು ಬಂದಿತ್ತು. ಉಪಕಾರ ಮಾಡಲು ಹೋದವನನ್ನು ಕಳ್ಳನ ಹಾಗೆ ನೋಡಿದರೆ ಯಾರಿಗೆ ಬರುವುದಿಲ್ಲ ಹೇಳಿ.

ನನ್ನೂರು ಕೊಂಕಲ್. ಒಮಾನಿನ ಬೆಟ್ಟಗಳ ಬುಡದಲ್ಲಿ ಒಬ್ಬ ಅರಬನ ಖರ್ಜೂರದ ತೋಟದಲ್ಲಿ ಟ್ರ್ಯಾಕ್ಟರ್ ಹೊಡೆದುಕೊಂಡು ಎಷ್ಟೋ ವರ್ಷ ಇದ್ದೆ. ಅಲ್ಲಿ ಯಜಮಾನನನ್ನು ಅರಬಾಬ್ ಎನ್ನುತ್ತಾರೆ. ತೋಟಕ್ಕೆ ನೀರು ಹಾಯಿಸುವ ಆಳು ಬೇಕು ಎಂದು ಅರಬಾಬ್ ಹೇಳಿದಾಗ ನನಗೆ ನೆನಪಾದದ್ದು ಗೋಗಿಯ ದ್ಯಾವಪ್ಪ. ನೀರಿನ ವಿಷಯದಲ್ಲಿ ಅವನಂಥವನು ನಮ್ಮ ಸೀಮೆಯಲ್ಲಿ ಇರಲಿಲ್ಲ. ಇದು ಹೊಗಳಿಕೆಯಲ್ಲ, ಅವನ ಕಸುಬೇ ಅದು.

ಆ ಕಸುಬನ್ನು ನೋಡದವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ನಾರಾಯಣಪುರ ಡ್ಯಾಮಿನಿಂದ ಮುಂಗಾರಿಗೆ ಕೆನಾಲಿಗೆ ನೀರು ಬಿಡುತ್ತಾರೆ. ಬೇಸಿಗೆಯೆಲ್ಲ ಒಣಗಿದ ಸಣ್ಣ ಕಾಲುವೆಗಳಲ್ಲಿ ಅಷ್ಟರಲ್ಲಿ ಜಾಲಿಯ ಮುಳ್ಳುಕಂಟಿ, ಹತ್ತಿಕಟ್ಟಿಗೆ, ಪ್ಲಾಸ್ಟಿಕ್ಕು, ಸತ್ತ ನಾಯಿ, ಏನೇನೋ ತುಂಬಿರುತ್ತದೆ. ಇದೆಲ್ಲ ಮೋರಿಯ ಬಾಯಿಗೆ ಹೋಗಿ ಸಿಕ್ಕಿದರೆ ದಂಡೆ ಒಡೆಯುತ್ತದೆ. ಅದಕ್ಕೇ ಒಬ್ಬ ಮನುಷ್ಯ ಕಾಲುವೆಯೊಳಗೆ ಇಳಿದು ನೀರಿನ ಮುಂದೆ ಮುಂದೆ ನಡೆಯುತ್ತಾನೆ. ಹಿಂದೆ ನೀರು, ಮುಂದೆ ಅವನು. ಕಂಟಿ ಕಂಡರೆ ಎಳೆದು ದಂಡೆಗೆ ಒಗೆಯುತ್ತಾನೆ. ನೀರು ಅವಸರ ಮಾಡುವುದಿಲ್ಲ, ನೊರೆ ಹೊತ್ತುಕೊಂಡು, ಇರುವೆಗಳನ್ನು ತೇಲಿಸಿಕೊಂಡು, ಒಣ ಮಣ್ಣು ಕುಡಿದಷ್ಟು ಕುಡಿಯಲಿ ಎಂದು ನಿಂತು ನಿಂತು ಬರುತ್ತದೆ. ದ್ಯಾವಪ್ಪ ಬೀಡಿ ಸೇದಲು ನಿಂತರೆ ಅದು ಅವನ ಹಿಮ್ಮಡಿಗೆ ಬಂದು ಮುಟ್ಟುತ್ತಿತ್ತು. ಊರು ಬಂದಲ್ಲಿ ಮುತ್ತೈದೆಯರು ಕಾಲುವೆಗೆ ಇಳಿದು ನೀರಿಗೆ ಕುಂಕುಮ ಹಾಕಿ ಕಾಯಿ ಒಡೆಯುತ್ತಿದ್ದರು. ಮೊದಲ ಚೂರು ಕಾಯಿ ದ್ಯಾವಪ್ಪನಿಗೆ. ಆ ದಿನ ಅವನು ಊರಿಗೆ ಗಂಗೆಯನ್ನು ಕರೆತಂದವನು.

ವರ್ಷಕ್ಕೆ ಕೆಲವು ದಿನದ ಕೂಲಿ ಕೆಲಸ ಅದು, ಕಾಯಂ ಅಲ್ಲ. ಅಂಥವನು ಮನೆಯ ಮೇಲೆ ಸ್ಲ್ಯಾಬು ಹಾಕಿಸಬೇಕು ಎಂಬ ಒಂದು ಆಸೆಗೆ ಬಿದ್ದು ನನ್ನ ಹಿಂದೆ ಬಂದ.

ಬಂದವನಿಗೆ ಅಲ್ಲಿ ಒಂದೂ ಹಿಡಿಸಲಿಲ್ಲ. ತೋಟದಲ್ಲಿ ಗಿಡದ ಬುಡಕ್ಕೆಲ್ಲ ಪೈಪು, ತೊಟ್ಟು ತೊಟ್ಟು ನೀರು. "ಇದೇನ ನೀರ ಹಾಯಿಸೋದೋ, ದವಾಖಾನಿ ಸಲೈನ್ ಹಚ್ಚೋದೋ" ಎಂದು ಬೈದುಕೊಂಡ. ರೂಮಿನ ಎಸಿಯ ಗುಂಯ್ ಸದ್ದಿಗೆ ನಿದ್ದೆ ಬರುವುದಿಲ್ಲ ಎಂದ. ಅನ್ನ ತಿಂದರೆ ಹೊಟ್ಟೆ ತುಂಬುವುದಿಲ್ಲ ಎಂದ. ಹೊರದೇಶಕ್ಕೆ ಬಂದವರೆಲ್ಲ ಮೊದಮೊದಲು ಹೀಗೇ ಅಳುತ್ತಾರೆ, ಆಮೇಲೆ ಅಳು ಒಣಗುತ್ತದೆ, ಊರಿಗೆ ಹೋದರೆ ಅಲ್ಲಿಯದು ಹಿಡಿಸುವುದಿಲ್ಲ. ನನಗೂ ಹಾಗೇ ಆಗಿತ್ತು. ಆದರೆ ದ್ಯಾವಪ್ಪನ ಅಳು ಒಣಗಲಿಲ್ಲ.

ನಮಗೆ ಅಲ್ಲಿ ಇದ್ದ ಒಂದು ಆಸರೆಯೆಂದರೆ ಖಾಸಿಂಬೀ. ಅವಳು ಸುರಪುರದವಳು, ಅರಬಾಬನ ಮನೆಯಲ್ಲಿ ಅಡುಗೆ ಮಾಡುತ್ತಿದ್ದಳು. ವಯಸ್ಸಾದ ಹೆಂಗಸು. ಒಂದು ಎಣ್ಣೆ ಡಬ್ಬಿಯಲ್ಲಿ ಪುಂಡಿಸೊಪ್ಪು ಬೆಳೆಸಿದ್ದಳು, ಅದಕ್ಕೆ ಮಗುವಿಗೆ ಮಾಡುವಷ್ಟು ಆರೈಕೆ ಮಾಡುತ್ತಿದ್ದಳು. ಶುಕ್ರವಾರ ರಜೆಯ ದಿನ ಗೋಡೆಯ ಆಚೆಯಿಂದ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಕೊಡುತ್ತಿದ್ದಳು. ಆ ಡಬ್ಬಿ ಬಿಚ್ಚಿದಾಗ ಬರುವ ವಾಸನೆಗೆ ದ್ಯಾವಪ್ಪನ ಕಣ್ಣು ತುಂಬುತ್ತಿತ್ತು. ನಾನು ಅವನನ್ನು ಗೇಲಿ ಮಾಡುತ್ತಿದ್ದೆ, ಆದರೆ ಡಬ್ಬಿಗೆ ಅಂಟಿದ ಹಿಂಡಿಯನ್ನು ಬೆರಳಿನಿಂದ ಬಳಿದು ನೆಕ್ಕುತ್ತಿದ್ದವನು ನಾನೇ ಎಂಬುದನ್ನು ಈಗ ಮುಚ್ಚಿಟ್ಟು ಏನು ಪ್ರಯೋಜನ.

ನಮ್ಮ ರೂಮು ಇದ್ದದ್ದು ಒಂದು ಒಣಹಳ್ಳದ ದಂಡೆಯ ಮೇಲೆ. ಅಗಲವಾದ ಹಳ್ಳ, ಉದ್ದಕ್ಕೂ ಮರಳು, ಬಿಳಿ ಕಲ್ಲು. ನಾನು ಇದ್ದಷ್ಟು ವರ್ಷದಲ್ಲಿ ಅದರಲ್ಲಿ ಒಂದು ಚೊಂಬು ನೀರು ಹರಿದದ್ದನ್ನು ನೋಡಿರಲಿಲ್ಲ. ದ್ಯಾವಪ್ಪ ಅದನ್ನು ನೋಡಿದ ಮೊದಲ ದಿನವೇ ದಂಡೆಯ ಮೇಲೆ ಕೂತು, "ಅಣ್ಣಾ, ಇದು ನಮ್ಮ ಕೆನಾಲ್ ಇದ್ದಂಗ ಐತಲ್ಲ" ಎಂದ. ಎಲ್ಲಿಂದ ಎಲ್ಲಿಗೆ! ಆದರೆ ಊರು ಬಿಟ್ಟವನ ಕಣ್ಣು ಕಂಡದ್ದರಲ್ಲೆಲ್ಲ ಊರನ್ನೇ ಹುಡುಕುತ್ತದೆ. ಅಂದಿನಿಂದ ಕೆಲಸ ಮುಗಿದ ಕೂಡಲೇ ಅವನು ಹಳ್ಳಕ್ಕೆ ಇಳಿಯುತ್ತಿದ್ದ. ಮರಳು ತಂಪಾದ ಮೇಲೆ ಅಲ್ಲೇ ಚಾದರ ಹಾಸಿ ಮಲಗುತ್ತಿದ್ದ.

ಹಳ್ಳದ ನಡುವೆ ಒಂದು ಜಾಲಿಮರ ಇತ್ತು. ಅದರ ಕವಲಿನಲ್ಲಿ, ನಾನು ಕೈ ಎತ್ತಿದರೂ ಎಟುಕದ ಎತ್ತರದಲ್ಲಿ, ಒಂದು ಕಾರಿನ ಟೈರು ಸಿಕ್ಕಿಕೊಂಡಿತ್ತು. ಅದಕ್ಕೂ ಮೇಲೆ ಟೊಂಗೆಗಳಿಗೆ ಒಣಹುಲ್ಲು, ಹರಿದ ಚೀಲ ಸುತ್ತಿಕೊಂಡಿದ್ದವು. ದ್ಯಾವಪ್ಪ ಒಂದು ಸಂಜೆ ಅದನ್ನು ತೋರಿಸಿ, "ಇದನ್ನ ಅಲ್ಲಿ ಯಾರ ಇಟ್ಟಾರಣ್ಣಾ?" ಎಂದು ಕೇಳಿದ.

"ಅರಬರ ಹುಡುಗ್ರಿಗೆ ಮಾಡಾಕ ಕೆಲಸ ಇಲ್ಲ, ಒಗದಿರ್ತಾವ" ಎಂದೆ. ಅವನು ಮತ್ತೆ ಒಂದು ಸಲ ಮೇಲೆ ನೋಡಿ ಚಾದರ ಹಾಸಿದ.

ಖಾಸಿಂಬೀಗೆ ಅವನು ಹಳ್ಳದಲ್ಲಿ ಮಲಗುವುದು ಗೊತ್ತಾದ ದಿನ ಗೋಡೆಯ ಆಚೆಯಿಂದಲೇ ಕೂಗಾಡಿದಳು.

"ಯಾ ಅಲ್ಲಾ, ಅದರಾಗ ಮಲಗ್ತೀಯೇನೋ ಬೇಟಾ? ಅದು ಬರೂದು ಹೇಳಿ ಬರಂಗಿಲ್ಲೋ. ಇಲ್ಲಿ ಮಳಿ ಬರಬೇಕಂತಿಲ್ಲ, ಆ ಗುಡ್ಡದ ಮ್ಯಾಲ ಬಂದ್ರ ಸಾಕು. ಇಲ್ಲಿ ಬಿಸಲ ಇರ್ತದ, ಹಳ್ಳ ಬರ್ತದ. ನಾ ಕಣ್ಣಾರೆ ನೋಡೀನಿ."

"ಆಯೀ, ನೀರಂದ್ರ ಏನಂತ ನನಗ ಹೇಳಾಕತ್ತೀಯಲ್ಲ" ಎಂದು ದ್ಯಾವಪ್ಪ ನಕ್ಕ. "ನನ್ನ ಹಿಂದಿಂದ ನಾಯಿಮರಿ ಬಂದಂಗ ಬಂದದ ನೀರು. ಅದು ನನಗೇನ ಮಾಡ್ತದ?"

"ಅದು ನಿಮ್ಮೂರ ನೀರು. ಅದಕ್ಕ ಗೇಟ ಐತಿ. ಇದಕ್ಕ ಯಾರು ಗೇಟ ಹಾಕ್ಯಾರ?"

"ತಿಂಥಣಿ ಮೋನಪ್ಪ ಇದ್ದಾನ ಬಿಡ ಆಯಿ."

ಮೋನಪ್ಪ ನಮ್ಮ ಸೀಮೆಯಲ್ಲಿ ಹಿಂದೂ ಮುಸಲ್ಮಾನರಿಬ್ಬರೂ ನಡೆದುಕೊಳ್ಳುವ ದೇವರು. ಅವಳ ತಾಯಿಯೂ ತಿಂಥಣಿಗೆ ಹೋಗಿ ಹರಕೆ ತೀರಿಸಿ ಬಂದವಳೇ. ಆದರೆ ಅಂದು ರೊಟ್ಟಿಯ ಡಬ್ಬಿ ಕೊಡುವಾಗ ನನ್ನ ಕೈಯನ್ನು ಸ್ವಲ್ಪ ಹೊತ್ತು ಹಿಡಿದುಕೊಂಡು, "ನೀ ದೊಡ್ಡಾಂವ ಇದ್ದೀದಿ, ಲಕ್ಷ್ಯ ಇಡು" ಎಂದಳು. ಎಲ್ಲರೂ ನನಗೇ ಹೇಳುವವರು. ನಾನು ಅವನನ್ನು ಬೈದು ರೂಮಿನಲ್ಲಿ ಮಲಗಿಸಿದೆ. ಕೆಲವು ದಿನ ಮಲಗಿದ, ಆಮೇಲೆ ಮತ್ತೆ ಚಾದರ ಎತ್ತಿಕೊಂಡು ಇಳಿದ. ದೊಡ್ಡ ಗಂಡಸನ್ನು ಕಟ್ಟಿಹಾಕಲು ಆಗುತ್ತದೆಯೇ?

ಮುಂಗಾರಿನ ಹೊತ್ತು ಬಂತು. ಊರಲ್ಲಿ ನೀರು ಬಿಡುವ ಸುದ್ದಿ. ದ್ಯಾವಪ್ಪ ಅರಬಾಬನ ಎದುರು ನಿಂತು ರಜೆ ಕೇಳಿದ. ಖರ್ಜೂರ ಇಳಿಸಿದ ಮೇಲೆ ಹೋಗು, ಟಿಕೆಟ್ಟು ನಾನೇ ಕೊಡುತ್ತೇನೆ ಎಂದು ಅರಬಾಬ್ ಹೇಳಿದ. ಒಳ್ಳೆಯ ಮಾತೇ. ಆದರೆ ದ್ಯಾವಪ್ಪ ಅವತ್ತು ಊಟ ಮಾಡಲಿಲ್ಲ.

"ಈ ವರ್ಷ ನೀರಿನ ಮುಂದ ಯಾರ ನಡೀತಾರಣ್ಣಾ? ಹೊಸಬಗ ಮೋರಿ ಎಲ್ಲೆಲ್ಲಿ ಅದಾವ ಗೊತ್ತಿರಂಗಿಲ್ಲ" ಎಂದ.

"ನೀ ಇಲ್ದಿದ್ರ ನೀರ ಗೋಗಿಗೆ ಬರಂಗಿಲ್ಲೇನ? ಖರ್ಜೂರಿ ಮುಗೀತಂದ್ರ ಹೋಗ್ತೀದಿ. ಸುಮ್ಮನ ಉಣ್ಣು" ಎಂದು ರೇಗಿದೆ.

ಅದೊಂದು ಶುಕ್ರವಾರ ಬೆಳಿಗ್ಗೆ ಶೇಖಮ್ಮನ ಫೋನು ಬಂತು. "ನೀರ ಬಂದಾವ, ಕೇಳು" ಎಂದವಳೇ ಕಾಲುವೆಗೆ ಇಳಿದು ಫೋನನ್ನು ನೀರಿನ ಹತ್ತಿರ ಹಿಡಿದಳು. ದ್ಯಾವಪ್ಪ ಸ್ಪೀಕರ್ ಹಾಕಿದ. ಮೊದಲು ಹೆಂಗಸರ ಗದ್ದಲ, ಬಳೆಯ ಸದ್ದು, ಆಮೇಲೆ ಆ ಸದ್ದು. ಒಣ ಎಲೆಗಳನ್ನು ನೂಕಿಕೊಂಡು ಬರುವ ಸಣ್ಣ ನೀರಿನ ಚರ ಚರ. ನಾವಿಬ್ಬರೂ ಮಂಚದ ಮೇಲೆ ಕೂತು, ಉಸಿರು ಬಿಗಿಹಿಡಿದು ಕೇಳಿದೆವು. ದ್ಯಾವಪ್ಪ ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅತ್ತ. ನಾನು ಗೇಲಿ ಮಾಡಲಿಲ್ಲ.

ಮಧ್ಯಾಹ್ನ ದಾಟುವಾಗ ದೂರದ ಬೆಟ್ಟಗಳ ನೆತ್ತಿ ಕಪ್ಪಾಯಿತು. ನಮ್ಮ ಮೇಲೆ ಸುಡುವ ಬಿಸಿಲು. ಗಾಳಿ ನಿಂತುಹೋಗಿತ್ತು. ಹಳ್ಳದ ಮರಳಿನಲ್ಲಿ ಯಾವಾಗಲೂ ಹೊರಳಾಡುವ ಆಡುಗಳು ತಾವಾಗಿಯೇ ಎದ್ದು ದಂಡೆ ಹತ್ತಿ ಬಂದು ನಮ್ಮ ರೂಮಿನ ನೆರಳಿಗೆ ನಿಂತವು. "ಹುಶ್" ಎಂದು ಓಡಿಸಿದೆ. ಅವು ಕದಲಲಿಲ್ಲ.

ದ್ಯಾವಪ್ಪ ಬಾಗಿಲಲ್ಲಿ ಕೂತವನು ಒಮ್ಮೆಲೇ ತಲೆ ಎತ್ತಿದ. "ಅಣ್ಣಾ, ವಾಸನಿ ಬಂತೇನ?"

ಬಂತು. ಹಸಿ ಮಣ್ಣಿನ ವಾಸನೆ. ಆ ಸುಡುಗಾಡು ಬಿಸಿಲಿನಲ್ಲಿ, ನಮ್ಮ ಕಾಲುವೆಗೆ ಮೊದಲ ನೀರು ಬಂದಾಗ ಬರುವ ಅದೇ ವಾಸನೆ. ಇಬ್ಬರೂ ಓಡಿ ದಂಡೆಗೆ ಹೋದೆವು. ಹಳ್ಳದ ತಿರುವಿನಿಂದ ನೀರು ಬರುತ್ತಿತ್ತು. ದೇವರಾಣೆ ಹೇಳುತ್ತೇನೆ, ಅದು ನಮ್ಮ ಕೆನಾಲಿನ ನೀರಿನ ಹಾಗೇ ಬಂತು. ಪಾದ ಮುಳುಗುವಷ್ಟು, ಕಂದು ನೊರೆ ಹೊತ್ತು, ಆಡಿನ ಹಿಕ್ಕೆ, ಒಣಹುಲ್ಲು ನೂಕಿಕೊಂಡು, ನಿಂತು ನಿಂತು.

"ಬಿಟ್ಟಾರ ಅಣ್ಣಾ! ನೀರ ಬಿಟ್ಟಾರ!" ಎಂದು ಕೂಗಿ ದ್ಯಾವಪ್ಪ ಇಳಿದೇಬಿಟ್ಟ. ಬಗ್ಗಿ ನೀರು ಮುಟ್ಟಿ ಕಣ್ಣಿಗೆ ಒತ್ತಿಕೊಂಡ. ನಾನೂ ಇಳಿದೆ. ಇಳಿಯದೆ ಇರಲು ಆಗಲಿಲ್ಲ. ಎಷ್ಟೋ ವರ್ಷದ ಮೇಲೆ ಹರಿಯುವ ನೀರಿನಲ್ಲಿ ಕಾಲಿಟ್ಟಿದ್ದೆ, ಖಾಸಿಂಬೀಯ ಮಾತು ನನಗೆ ನೆನಪಿಗೇ ಬರಲಿಲ್ಲ. ಮೈ ಜುಮ್ಮೆಂದಿತು, ಹುಚ್ಚನ ಹಾಗೆ ನಗು ಬಂತು.

ನಮ್ಮಿಂದ ಸ್ವಲ್ಪ ಕೆಳಗೆ ಹಳ್ಳಕ್ಕೆ ಅಡ್ಡವಾಗಿ ರಸ್ತೆ ಇತ್ತು, ಅದರ ಕೆಳಗೆ ಪೈಪಿನ ಮೋರಿಗಳು. ಮೋರಿಯ ಬಾಯಿಗೆ ಖರ್ಜೂರದ ಗರಿಗಳು ಸಿಕ್ಕಿಕೊಂಡಿದ್ದವು. ಅದರ ಪಕ್ಕಕ್ಕೇ ದ್ಯಾವಪ್ಪ ತನ್ನ ಕೈಯಿಂದ ನೆಟ್ಟ ಎಳೆಯ ಸಸಿಗಳ ತುಂಡು ಹೊಲ.

"ಮೋರಿ ಕಟ್ಟೈತಿ, ನೀರ ಸಸಿಗೆ ನುಗ್ತದ" ಎಂದು ಅವನು ನೀರಿನ ಮುಂದೆ ನಡೆಯತೊಡಗಿದ. ಅವಸರವಿಲ್ಲದ ಅದೇ ನಡಿಗೆ. ದಾರಿಯಲ್ಲಿ ಒಂದು ಕಂಟಿ ಎಳೆದು ದಂಡೆಗೆ ಒಗೆದ. ಸ್ವಲ್ಪ ದೂರ ಹೋಗಿ ತಿರುಗಿ ನನಗೆ ಕೂಗಿದ: "ಅಣ್ಣಾ, ಫೋನ್ ತಗೊಂಬಾ! ಆಕಿಗೂ ಕೇಳಸೋಣು!"

ನಾನು ದಂಡೆ ಹತ್ತಿ ರೂಮಿಗೆ ಹೋಗಿ ಫೋನು ತಂದೆ. ಶೇಖಮ್ಮ ಎತ್ತಿದಳು. "ತಂಗೀ, ಇಲ್ಲೂ ನೀರ ಬಂದಾವ ಕೇಳು, ನಿನ್ನ ಗಂಡ ಮುಂದ ನಡದಾನ" ಎಂದು ಹೇಳಿ, ದಂಡೆಯ ಅಂಚಿನಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಅವಳು ಬೆಳಿಗ್ಗೆ ಹಿಡಿದ ಹಾಗೇ ಫೋನನ್ನು ನೀರಿನ ಕಡೆಗೆ ಹಿಡಿದೆ. ಅತ್ತ ಅರಬಾಬನ ಮನೆಯ ಮಾಳಿಗೆಯ ಮೇಲೆ ಖಾಸಿಂಬೀ ನಿಂತಿದ್ದಳು. ಓಢಣಿ ಕೈಯಲ್ಲಿ ಹಿಡಿದು ಬೀಸುತ್ತಿದ್ದಳು. ಅವಳಿಗೂ ಖುಷಿಯಾಗಿದೆ ಎಂದುಕೊಂಡು ನಾನೂ ಕೈ ಬೀಸಿದೆ.

ಆಮೇಲೆ ನನಗೆ ಸದ್ದು ಕೇಳಿಸಿತು. ಮೊದಲು ಅದು ರಸ್ತೆಯ ಮೇಲೆ ಬರುವ ಲಾರಿ ಎಂದುಕೊಂಡೆ. ರಸ್ತೆ ಖಾಲಿ ಇತ್ತು. ತಿರುವಿನ ಕಡೆ ನೋಡಿದೆ. ಜಾಲಿಮರ ಇರಲಿಲ್ಲ. ಅದರ ಜಾಗದಲ್ಲಿ ಕಂದುಗೋಡೆಯೊಂದು ಕಲ್ಲು, ಮರ, ಮಣ್ಣು ಎಲ್ಲವನ್ನೂ ಉರುಳಿಸಿಕೊಂಡು ಬರುತ್ತಿತ್ತು.

ದ್ಯಾವಪ್ಪ ಮೋರಿಯ ಬಾಯಲ್ಲಿ ಬಗ್ಗಿದ್ದ. ಬೆನ್ನು ನೀರಿನ ಕಡೆ. ಹಿಂದೆ ನೀರು ಬರುತ್ತಿದ್ದರೆ ತಿರುಗಿ ನೋಡುವ ರೂಢಿ ಅವನಿಗೆ ಇರಲಿಲ್ಲ. ನಾನು ಕೂಗಿದೆ. ಫೋನು ಒಗೆದು ಓಡಿದೆ. ಅವನಿಗೆ ಕೇಳಿಸಿತೋ ಇಲ್ಲವೋ, ಒಂದು ದೊಡ್ಡ ಗರಿ ಎಳೆದು ದಂಡೆಗೆ ಒಗೆದದ್ದು ಕಂಡಿತು. ಆ ಗರಿ ದಂಡೆಯ ಮೇಲೆ ಬಿತ್ತು. ಆಮೇಲೆ ಮೋರಿಯೂ ಇರಲಿಲ್ಲ, ರಸ್ತೆಯೂ ಇರಲಿಲ್ಲ.

ಸರಕಾರದವರು ಸಮುದ್ರದವರೆಗೂ ಹುಡುಕಿದರು. ಹೆಲಿಕಾಪ್ಟರ್ ತಂದರು. ಅರಬಾಬ್ ತನ್ನ ಗಾಡಿಯಲ್ಲಿ ನನ್ನನ್ನು ಕೂರಿಸಿಕೊಂಡು ಹಳ್ಳದ ಗುಂಟ ಓಡಾಡಿದ, ಅತ್ತ. ದ್ಯಾವಪ್ಪ ಸಿಗಲಿಲ್ಲ. ಮರುವಾರ ಹಳ್ಳ ಮತ್ತೆ ಒಣಗಿ, ಏನೂ ಆಗಿಲ್ಲವೆಂಬಂತೆ ಮಲಗಿತ್ತು. ಆಡುಗಳು ಇಳಿದು ಮರಳಿನಲ್ಲಿ ಹೊರಳಾಡಿದವು.

ನಾನು ಊರಿಗೆ ತಂದದ್ದು ಅವನ ಬ್ಯಾಗನ್ನು. ಶೇಖಮ್ಮನ ಮುಂದೆ ಅದನ್ನು ಇಟ್ಟು, ಕಂಡದ್ದನ್ನೆಲ್ಲ ಕಂಡ ಹಾಗೇ ಹೇಳಿದೆ. ಅವಳು ಅಳಲಿಲ್ಲ. ಬಳೆ ಒಡೆಯಲು ಬಂದ ಮುದುಕಿಯರನ್ನು ಹೊರಗೆ ಹಾಕಿದಳು. "ನನ್ನ ಗಂಡ ನೀರಾಗ ಹೋಗೋ ಮನುಷ್ಯಾ ಅಲ್ಲ. ಮರಿಲಿಂಗಣ್ಣ ಏನೋ ಮುಚ್ಚಾಕತ್ತಾನ. ಅಲ್ಲಿ ಜೈಲಿನಾಗ ಇದ್ದಾನೋ, ಯಾರಿಗೆ ಮಾರಿ ಬಂದಾನೋ" ಎಂದು ಊರಲ್ಲೆಲ್ಲ ಹೇಳಿದಳು. ಜನ ನನ್ನನ್ನು ಕಂಡರೆ ಮಾತು ನಿಲ್ಲಿಸುತ್ತಿದ್ದರು. ನಾನು ಮತ್ತೆ ಒಮಾನಿಗೆ ಹೋಗಲಿಲ್ಲ. ಅಲ್ಲಿದ್ದಾಗ ಊರು ಊರು ಎಂದು ಜೀವ ತೇಯ್ದವನಿಗೆ, ಈಗ ಊರೇ ಪರದೇಶವಾಯಿತು.

ಮುಂದಿನ ಮುಂಗಾರಿಗೆ ಕೆನಾಲಿಗೆ ನೀರು ಬಿಟ್ಟ ದಿನ ನಾನು ಶೇರ್ ಆಟೋ ಹತ್ತಿ ಗೋಗಿಗೆ ಹೋದೆ. ಯಾಕೆ ಹೋದೆ ಎಂದು ನನ್ನನ್ನು ಕೇಳಬೇಡಿ. ಹೋಗದೆ ಇರಲು ಆಗಲಿಲ್ಲ. ಹೆಂಗಸರು ಕಾಲುವೆಯೊಳಗೆ ಇಳಿದು ನಿಂತಿದ್ದರು. ಶೇಖಮ್ಮನೂ ಇದ್ದಳು. ಹಣೆಯಲ್ಲಿ ಕುಂಕುಮ, ಕೈತುಂಬ ಹಸಿರು ಬಳೆ. ಉಳಿದವರು ಅವಳಿಂದ ಸ್ವಲ್ಪ ದೂರ ಸರಿದು ನಿಂತಿದ್ದರು, ಆದರೆ ಯಾರೂ ಅವಳಿಗೆ ಏನೂ ಹೇಳುವ ಧೈರ್ಯ ಮಾಡಿರಲಿಲ್ಲ. ಆ ವರ್ಷ ನೀರಿನ ಮುಂದೆ ನಡೆಯಲು ಯಾರೂ ಬಂದಿರಲಿಲ್ಲ.

ನೀರು ಬಂತು. ನೊರೆ ಹೊತ್ತು, ಇರುವೆ ತೇಲಿಸಿಕೊಂಡು, ನಿಂತು ನಿಂತು. ಶೇಖಮ್ಮನ ಪಾದ ಮುಳುಗಿತು.

ನನ್ನ ಕಣ್ಣು ಕಾಲುವೆಯ ತಿರುವಿನ ಮೇಲೇ ಇತ್ತು. ಅಲ್ಲಿ ಏನೂ ಇಲ್ಲ, ಡ್ಯಾಮಿಗೆ ಗೇಟ್ ಇದೆ, ಇದು ನಮ್ಮೂರ ನೀರು ಎಂದು ನನಗೆ ಗೊತ್ತಿತ್ತು. ಆದರೂ ಕಿವಿಯೊಳಗೆ ಆ ಲಾರಿಯ ಸದ್ದು ಶುರುವಾಯಿತು. ತಡೆಯಲಾಗಲಿಲ್ಲ.

"ಮ್ಯಾಲ ಬಾ ತಂಗೀ! ಮ್ಯಾಲ ಬಾ!" ಎಂದು ಕಿರಿಚಿಕೊಂಡು ದಂಡೆಯ ಮೇಲೆ ಬೋರಲು ಬಿದ್ದು, ಅವಳ ಕಡೆಗೆ ಕೈ ಚಾಚಿದೆ. ಹೆಂಗಸರು ಬೆಚ್ಚಿ ನನ್ನನ್ನು ನೋಡಿದರು. ಯಾರೋ ಒಬ್ಬಳು ನಕ್ಕಳು.

ಶೇಖಮ್ಮ ನಗಲಿಲ್ಲ. ಹತ್ತಿರ ಬಂದಳು. ಚಾಚಿದ ನನ್ನ ಕೈಯನ್ನು ನೋಡಿದಳು, ಮುಖವನ್ನು ನೋಡಿದಳು, ಬಹಳ ಹೊತ್ತು ನೋಡಿದಳು. ನಾನು ಹೇಳಿದ್ದು ಸುಳ್ಳಲ್ಲ ಎಂಬುದು ಅವಳಿಗೆ ಆಗ ತಿಳಿಯಿತು ಎಂದು ಕಾಣುತ್ತದೆ. ಅವಳ ಮುಖ ನನ್ನ ಕಣ್ಣೆದುರಿಗೇ ಮುದಿಯಾಯಿತು.

"ಆವತ್ತ ಈ ಕೈಯಾಗ ಏನಿತ್ತಣ್ಣಾ?" ಎಂದು ಮೆಲ್ಲಗೆ ಕೇಳಿದಳು.

"ಫೋನ್" ಎಂದೆ.

"ಹೂಂ. ಆ ಸದ್ದ ನಾನೂ ಕೇಳಾಕತ್ತಿದ್ದೆ" ಎಂದಳು.

ನನ್ನ ಕೈಯನ್ನು ಅವಳು ಹಿಡಿಯಲಿಲ್ಲ. ಒಂದು ಕೈಯಿಂದ ಹಣೆಯ ಕುಂಕುಮ ಒರೆಸಿಕೊಂಡಳು. ಬಗ್ಗಿ ನೀರಿನ ದಾರಿಯಲ್ಲಿದ್ದ ಜಾಲಿ ಕಂಟಿಯೊಂದನ್ನು ಎಳೆದು ದಂಡೆಗೆ, ನನ್ನ ಪಕ್ಕಕ್ಕೆ ಒಗೆದಳು. ಆಮೇಲೆ ಬೆನ್ನು ತಿರುಗಿಸಿ, ನೀರಿನ ಮುಂದೆ ನಡೆದುಕೊಂಡು ಹೋದಳು.